ತುಳಿತಕ್ಕೂ ಒಂದು ತಕ್ಕಡಿ
ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳಿಗೆ ಎದುರುಗಾಳಿ ಹೊಸದಲ್ಲ. ಅದಕ್ಕೆ ವೇಗ ಇಳಿಯುತ್ತದೆ, ಶ್ರಮ ಇಳಿಯುವುದಿಲ್ಲ. ಆ ಶ್ರಮವನ್ನು ವ್ಯಾಟ್‌ಗಳಲ್ಲಿ ತೋರಿಸುವುದೇ ಪವರ್ ಮೀಟರ್. ತುಳಿದಾಗ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ಸ್ವಲ್ಪ ಬಾಗುತ್ತದೆ. ಅದರಿಂದ ಬಲವನ್ನು ಅಳೆದು, ತಿರುಗುವ ವೇಗದಿಂದ ಗುಣಿಸುತ್ತದೆ. 1986ರಲ್ಲಿ ಇದನ್ನು ರೂಪಿಸಿದವರು ಜರ್ಮನಿಯ ಎಂಜಿನಿಯರ್ ಉಲ್ರಿಖ್ ಶೋಬೆರರ್.

ಬೆಲೆ ಹತ್ತಾರು ಸಾವಿರ ರೂಪಾಯಿ. ಮಗಳು ಹಠ ಹಿಡಿದಳೆಂದು ಅಪ್ಪ ಸಾಲ ಮಾಡಬೇಕೆ? ಬೇಡ. ಅಂಕಿ ಓದಿ ತರಬೇತಿ ತಿದ್ದುವ ಕೋಚ್ ಇಲ್ಲದಿದ್ದರೆ ಅದು ದುಬಾರಿ ಆಟಿಕೆ. ಬೆಳೆಯುವ ವಯಸ್ಸಿನಲ್ಲಿ ಸೈಕಲ್ಲೇ ಬದಲಾಗುತ್ತದೆ. ಹಳೆಯ ಮೀಟರ್ ಹೊಸದಕ್ಕೆ ಕೂಡದಿರಬಹುದು. ಸದ್ಯಕ್ಕೆ ಊರ ಪಕ್ಕದ ಏರು, ಒಂದು ಗಡಿಯಾರ, ಒಂದು ನೋಟ್‌ಬುಕ್ ಸಾಕು. ಗಾಳಿಯಿಲ್ಲದ ಮುಂಜಾವು ಅದೇ ಏರು ಹತ್ತಿ ನಿಮಿಷ ಬರೆದಿಡಲಿ. ಹಣವಿದ್ದರೆ ಮೊದಲು ಹೆಲ್ಮೆಟ್, ಒಳ್ಳೆಯ ಟೈರು.