ನಾರೂ ಹೂವಿಗೂ ಒಂದ್ ಜಾಗಾ ಇರಲಿ

"ದೇವರಿಗೆ ಏರಸೂದಿಲ್ಲ, ಮುಡಿಯೂದಿಲ್ಲ, ಮ್ಯಾಲೆ ಸತ್ತ ಇಲಿ ನಾತ. ಯಾಕ ಇಟ್ಕೊಂಡೀ?" ಅಂತ ನನ್ನ ಸ್ಟಪೇಲಿಯಾ ಗಿಡ ನೋಡಿ ಎಲ್ಲಾರೂ ಕೇಳ್ತಾರ. ನಾ ಹೇಳೂದಿಷ್ಟ: ಕಿತ್ತು ಒಗೀಬ್ಯಾಡ್ರಿ.

ಇದು ಆಫ್ರಿಕಾದ ದಕ್ಷಿಣದ ಒಣನಾಡಿನ ಗಿಡ, ನಮ್ಮ ಎಕ್ಕಿಯ ಬಳಗದ್ದು. ನೊಣಾನ ಇದರ ದುಂಬಿ. ಕೊಳೆತ ಮಾಂಸ ಅಂತ ತಿಳಕೊಂಡು ಬರ್ತದ, ಪರಾಗ ಹೊತ್ಕೊಂಡು ಹೋಗ್ತದ. ಆ ನಾತದ ಮ್ಯಾಲೆನ ಗಿಡದ ಸಂಸಾರ ನಡೀಬೇಕು. ಗೇಣಗಲದ ಐದೆಸಳಿನ ಹೂವು ಇರೂದು ಎರಡ್-ಮೂರ್ ದಿನ. ಅಷ್ಟ್ರ ಮಟ್ಟಿಗೆ ಕುಂಡ ಹಿತ್ತಲಕ್ಕ ಒಯ್ದಿಟ್ರ ಆತು.

ಇದನ್ನ ಕೊಲ್ಲೂದು ನಮ್ಮ ಪ್ರೀತಿಯ ನೀರು. ಅರ್ಧ ಮಣ್ಣು, ಅರ್ಧ ದಪ್ಪ ಉಸುಕು ಹಾಕ್ರಿ. ಮಣ್ಣು ಪೂರ್ತಿ ಒಣಗಿದ ಮ್ಯಾಲನ ನೀರು. ಮಳಿಗಾಲದಾಗ ಛಾವಣಿ ಕೆಳಗ ಇಡ್ರಿ. ಬುಡ ಕಪ್ಪಾಗಿ ಮೆತ್ತಗಾದ್ರ ಗಟ್ಟಿ ಇದ್ದ ತುದಿ ಕೊಯ್ದು, ನಾಕ್ ದಿನ ನೆರಳಾಗ ಒಣಗಿಸಿ ಹಚ್ರಿ. ಬೇರು ಬಿಡ್ತದ.

ನಾತದ ಮಾತಂದ್ರ, ಹಿಂಗು-ಬೆಳ್ಳೊಳ್ಳಿ ನಾವು ಡಬ್ಬ್ಯಾಗ ಮುಚ್ಚಿಟ್ಟು ಬಾಳ್ವಿ ಮಾಡೂದಿಲ್ಲೇನು? ಇನ್ನ ಉಪಯೋಗದ ಮಾತು. ಉಪಯೋಗ ಇದ್ದದ್ದಷ್ಟ ಮನ್ಯಾಗ ಇರಬೇಕಂದ್ರ, ನಾಳೆ ಕೈಲಾಗದಾಗ ನಮ್ಮನ್ನ ಯಾರ್ ಇಟ್ಕೋತಾರ್ರೀ?