ಮೈದುನಗ ಹೇಳಬೇಕೋ ಬ್ಯಾಡೋ

ನಮ್ಮ ಮನಿಯವರಿಗೆ ಈಗ 58. ಬಿ.ಪಿ. ಇಲ್ಲ, ಶುಗರ್ ಇಲ್ಲ, ದಿನಾ ಮುಂಜಾನೆ ವಾಕಿಂಗ್ ತಪ್ಪಿಸೂದಿಲ್ಲ. ಹೋದ ತಿಂಗಳು ಹೆಲ್ತ್ ಚೆಕಪ್ ಮಾಡಿಸಿದಾಗ, ಮಲದಾಗ ಕಣ್ಣಿಗೆ ಕಾಣಲಾರದಷ್ಟು ರಕ್ತ ಅದ ಅಂತ ಬಂತು. ಡಾಕ್ಟರು ಕೊಲನೊಸ್ಕೋಪಿ ಮಾಡಸ್ರಿ ಅಂದ್ರು. ಎರಡು ದಿನ ಮೊದಲ ತಪ್ಪಲಪಲ್ಯಾ, ಬೀಜ ಇದ್ದ ಕಾಯಿಪಲ್ಯಾ ಎಲ್ಲಾ ಬಂದ್. ಹಿಂದಿನ ದಿನ ಬರೇ ಗಂಜಿ ತಿಳಿ, ಎಳನೀರು. ರಾತ್ರಿ ಆ ಉಪ್ಪುಪ್ಪು ಔಷಧದ ನೀರು ಕುಡದು ಸಂಡಾಸಕ್ಕ ಓಡಾಡಿದ್ದ ಓಡಾಡಿದ್ದು. ಪರೀಕ್ಷಾಕ್ಕಿಂತ ಆ ರಾತ್ರಿನ ದೊಡ್ಡ ಪರೀಕ್ಷಾ ಅಂತಾರ ಅವರು.

ದೊಡ್ಡ ಕರುಳಿನಾಗ ಎರಡು ಪಾಲಿಪ್ ಸಿಕ್ಕವು. ಒಂದು ಸಣ್ಣದು, ಇನ್ನೊಂದು 12 ಮಿಲಿಮೀಟರ್. ಅಲ್ಲೇ ತಂತಿ ಕುಣಿಕಿ ಹಾಕಿ ತಗದ್ರು. ಅಡಿನೋಮಾ, ಕ್ಯಾನ್ಸರ್ ಅಲ್ಲ, ಮೂರು ವರ್ಷಕ್ಕ ಮತ್ತ ನೋಡೋಣ ಅಂತ ರಿಪೋರ್ಟು.

ಮನಿಗೆ ಬಂದು ಇವರ ಮೊದಲನೇ ಮಾತು, "ಯಾರ ಮುಂದೂ ಹೇಳಬ್ಯಾಡ."

ನನಗ ಸೇರಲಿಲ್ಲ. ಪಾಲಿಪ್ ಅಂದ್ರ ಕರುಳಿನ ಒಳಗ ನರೂಲಿ ಎದ್ದಂಗ. ಲಕ್ಷಕ್ಕೊಬ್ಬರಿಗೆ ಬರೂದಲ್ಲ. ಅಮೇರಿಕಾದಾಗ ಏನೂ ತ್ರಾಸಿಲ್ಲದ, 50 ದಾಟಿದವರನ್ನ ನೋಡಿದ್ರ ನಾಲ್ಕು ಮಂದ್ಯಾಗ ಒಬ್ಬರಿಗಾದ್ರೂ ಅಡಿನೋಮಾ ಸಿಗ್ತದ. ಗಂಡಸರಿಗೆ ಇನ್ನೂ ಹೆಚ್ಚು. ನಮ್ಮ ದೇಶದಾಗ ಅಷ್ಟಿಲ್ಲ ಖರೆ, ಆದ್ರ ಇಲ್ಲೆ ಆರಾಮ ಇದ್ದವರು ಯಾರು ಹೋಗಿ ನೋಡಿಸ್ಕೋತಾರ? ಹೆಚ್ಚಿನವು ಏನೂ ಮಾಡೂದಿಲ್ಲ, ಸುಮ್ಮನ ಇರತಾವ. ಕೆಲವು ಮಾತ್ರ ಕ್ಯಾನ್ಸರಿಗೆ ತಿರುಗತಾವ, ಅದಕ್ಕೂ ಸಾಧಾರಣ ಹತ್ತು ವರ್ಷ ಬೇಕು. ಅಷ್ಟರಾಗ ತಗದಬಿಟ್ರ ಮುಗೀತು.

ಇಷ್ಟು ಸಾಮಾನ್ಯದ್ದಕ್ಕ ನಾಚಿಕಿ ಯಾಕ? ಮ್ಯಾಲ ಡಾಕ್ಟರು ಇನ್ನೊಂದು ಮಾತು ಹೇಳಿದ್ರು. ಅಡಿನೋಮಾ ಒಂದು ಸೆಂಟಿಮೀಟರ್ ಇಲ್ಲಾ ಅದಕ್ಕಿಂತ ದೊಡ್ಡದಿದ್ರ ಒಡಹುಟ್ಟಿದವರು, ಮಕ್ಕಳು 40ಕ್ಕ ತೋರಿಸ್ಕೋಬೇಕು ಅಂತ. ನನ್ನ ಮೈದುನಗ 52. ಎರಡು ವರ್ಷದಿಂದ ಆಗಾಗ ರಕ್ತ ಹೋಗ್ತದಂತ, ಮೂಲವ್ಯಾಧಿ ಅಂತ ತಾನ ತೀರ್ಮಾನ ಮಾಡಿ ಚೂರ್ಣ ತಿನ್ನಾಕತ್ಯಾನ. ನಾವು ಹೆಣ್ಣಮಕ್ಕಳಂತೂ ಇಂಥಾದ್ದನ್ನ ಗಂಡನ ಮುಂದೂ ಹೇಳೂದಿಲ್ಲ.

1985ರಾಗ ಅಮೇರಿಕಾದ ಅಧ್ಯಕ್ಷ ರೇಗನ್ ಅವರ ಕರುಳಿನಾಗಿನ ಗಂಟು ತಗದಾಗ ಅದರಾಗ ಕ್ಯಾನ್ಸರ್ ಇತ್ತು. ಅದ ವರ್ಷ ಅವರ ಅಣ್ಣ ನೀಲ್‌ಗೂ ಕರುಳಿನ ಕ್ಯಾನ್ಸರ್ ಆಪರೇಶನ್ ಆಗಿತ್ತು. ಇಬ್ಬರದೂ ಪೇಪರಿನಾಗ ಬಂತು. ಇಬ್ಬರೂ ಆಮ್ಯಾಲ ಹತ್ತು ವರ್ಷಕ್ಕೂ ಹೆಚ್ಚು ಬದುಕಿದ್ರು. ಅಂಥವರದ ಜಗತ್ತಿಗೆಲ್ಲಾ ಗೊತ್ತಾಗಿರಬೇಕಾದ್ರ, ನಮ್ಮದು ತಮ್ಮನ ಕಿವಿಗೂ ಬೀಳಬಾರದಂದ್ರ ಹ್ಯಾಂಗ?

ಮೊನ್ನೆ ಇವರು ಸಂತಿಗೆ ಹೋದಾಗ ನಾನ ಫೋನ್ ಹಚ್ಚಿದೆ. ಮೈದುನ ಪೂರ್ತಿ ಕೇಳಿ, "ವೈನಿ, ಅಣ್ಣಾ ನನಗ್ಯಾಕ ಹೇಳಲಿಲ್ಲ?" ಅಂದ. ಬರೂ ಗುರುವಾರ ಅವನ ಪರೀಕ್ಷಾ ಅದ. ಇವರು ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ನಿನ್ನೆ ರಾತ್ರಿ ಮಾತ್ರ ಫೋನ್ ಹಿಡಕೊಂಡು, ಆ ನೀರು ಫ್ರಿಜ್ಜಿನಾಗಿಟ್ಟು ತಂಪು ಮಾಡಿ ಕುಡದ್ರ ಹ್ಯಾಂಗ ಸಲೀಸು ಅಂತ ತಮ್ಮಗ ಅರ್ಧಾ ತಾಸು ಪಾಠ ಮಾಡಿದ್ರು.