ಅರಮನೆ ಬೇಡ, ಕಿಟಕಿಯಾದರೂ ಇರಲಿ

ಸಂಘದ ಕಟ್ಟಡದ ನವೀಕರಣದ ನಕ್ಷೆಯನ್ನು ಸೂಚನಾ ಫಲಕದಲ್ಲಿ ಹಚ್ಚಲಾಗಿದೆ. ನೋಡದ ಸದಸ್ಯರು ದಯವಿಟ್ಟು ಒಮ್ಮೆ ನಿಂತು ನೋಡಬೇಕು. ಪದಾಧಿಕಾರಿಗಳ ಕೊಠಡಿಗೆ ಹವಾನಿಯಂತ್ರಣ, ಗಾಜಿನ ಬಾಗಿಲು, ದುಂಡು ಮೇಜು. ಮಹಿಳಾ ವಿಭಾಗದ ಸಿದ್ಧ ಆಹಾರ ಘಟಕಕ್ಕೆ ಮಾತ್ರ ರಂಗಮಂಚದ ಹಿಂದಿನ ಸಾಮಾನು ಕೋಣೆ. ಅದಕ್ಕೆ ಕಿಟಕಿಯಿಲ್ಲ, ಒಂದು ಪಕ್ಕದ ಗೋಡೆ ಶೌಚಾಲಯದ್ದು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ನಮ್ಮ ವೇದಿಕೆಯ ಮೇಲೂ ಭಾಷಣಗಳಾದವು. ಹೊಸ ತಿನಿಸುಗಳನ್ನು ರೂಪಿಸಿರೆಂದು ಮಹಿಳೆಯರನ್ನು ಹುರಿದುಂಬಿಸಿದವರು ಇದೇ ಪದಾಧಿಕಾರಿಗಳು. ಅಂದಿನಿಂದ ಏಳು ಮಂದಿ ಪ್ರತಿ ಶನಿವಾರ ಸೇರುತ್ತಿದ್ದಾರೆ. ನವಣೆಯ ಬಿಸಿಬೇಳೆಬಾತಿನ ಮಿಶ್ರಣ, ಮೊಳಕೆ ಕಟ್ಟಿದ ರಾಗಿಯ ಹುರಿಹಿಟ್ಟು, ಚಟ್ನಿಪುಡಿ; ಯಾವುದಕ್ಕೆ ಎಷ್ಟು ನೀರು, ಎಷ್ಟು ದಿನ ಕೆಡದು ಎಂಬುದೆಲ್ಲ ಒಂದು ನೋಟುಬುಕ್ಕಿನಲ್ಲಿ ದಾಖಲಾಗುತ್ತಿದೆ. ನಮ್ಮ ಮನೆಯವರೂ ಈ ಏಳರಲ್ಲಿ ಒಬ್ಬರು. ಲೇಖನದ ಹಿಂದೆ ಮನೆಯ ಒತ್ತಾಯವಿದೆಯೆಂದು ನಗುವವರು ನಗಲಿ, ಒತ್ತಾಯವಿರುವುದು ನಿಜ.

ಇದನ್ನು 'ಹೆಂಗಸರ ಅಡುಗೆ' ಎಂದು ತಿಳಿದವರು ನಕ್ಷೆ ಬರೆಸಿದ್ದಾರೆ. ಹೊಸ ಆಹಾರ ರೂಪಿಸುವುದು ಪ್ರಯೋಗ. ಪ್ರಯೋಗಕ್ಕೆ ಮೂಗು, ನಾಲಿಗೆಗಳೇ ಉಪಕರಣ. ಒಣಮೆಣಸಿನಕಾಯಿ ಹುರಿದ ಘಾಟಿನಲ್ಲೇ ಅರ್ಧ ಗಂಟೆ ನಿಂತ ಮೂಗಿಗೆ ಇಂಗಿನ ಹದ ತಿಳಿಯುವುದೆಂತು? ಆದ್ದರಿಂದಲೇ ರುಚಿ ನೋಡುವ ಸ್ಥಳ ಒಲೆಯಿಂದ ಬೇರೆಯಾಗಿರಬೇಕು, ಅಲ್ಲಿ ವಾಸನೆ ಸುಳಿಯಬಾರದು, ಗೋಡೆಯ ಬಣ್ಣ ತಿಳಿಯಾಗಿರಬೇಕು ಎಂಬುದು ತಜ್ಞರ ಮಾತು. ರುಚಿ ಪರೀಕ್ಷೆಯ ಕೊಠಡಿಗಳ ವಿನ್ಯಾಸಕ್ಕೆಂದೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲಿ 8589 ಸಂಖ್ಯೆಯ ಮಾನಕವನ್ನು ಹೊರಡಿಸಿತು. ಬಿ.ಎಸ್ಸಿ. ಓದಿ ಕಡತಗಳಲ್ಲಿ ಮುಳುಗಿದ ನಮಗೇ ಇದು ಅರ್ಥವಾಗುವಾಗ ವಾಸ್ತುಶಿಲ್ಪಿಗಳಿಗೆ ಅರ್ಥವಾಗಲಿಲ್ಲವೆ? ಇನ್ನು ಮುಂಬಯಿಯ ಮಳೆಗಾಲ. ಗಾಳಿಯಾಡದ ಆ ಕೋಣೆಯಲ್ಲಿ ಹುರಿಹಿಟ್ಟು ವಾರದೊಳಗೆ ಗಂಟು ಕಟ್ಟಿತು. ಆಗ ತಪ್ಪು ಹೊರಿಸಿದ್ದು ಹಿಟ್ಟಿನ ಮೇಲೆ!

ನಮ್ಮ ನಾಡಿನ ಮೇಲ್ಪಂಕ್ತಿಯನ್ನಾದರೂ ನೋಡಬಾರದೆ? ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ 1950ರಲ್ಲಿ ನೆಲೆಗೊಂಡದ್ದು ಮೈಸೂರಿನಲ್ಲಿ ರಾಜಕುಮಾರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಮಹಲಿನಲ್ಲಿ. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಆ ಸಂಸ್ಥೆಯ ಕೊಡುಗೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪನ್ನು ಕಂಡು ಬಂದ ಮೇಲೆ ಗಿರಾಕಿಗಳೂ ಅಡುಗೆಮನೆಯನ್ನು ನೋಡುವಂತೆ ತೆರೆದಿಟ್ಟರು. ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಹುಟ್ಟಿದ್ದೂ ಅಲ್ಲೇ ಎಂದು ಪ್ರತೀತಿ. ನಾವೋ ಅಡುಗೆಮನೆಯನ್ನು ಪರದೆಯ ಹಿಂದೆ ಬಚ್ಚಿಡುತ್ತಿದ್ದೇವೆ.

ಹಣವಿಲ್ಲವೆಂಬ ಉತ್ತರ ಸಿದ್ಧವಾಗಿದೆ. ಹವಾನಿಯಂತ್ರಣಕ್ಕೆ ಇರುವ ಹಣ ಕಿಟಕಿಗೆ ಇಲ್ಲವೆಂದರೆ ನಂಬುವುದು ಕಷ್ಟ. ಬೀಗದ ಕೈಗಂತೂ ಹಣ ಬೇಡ. ಈಗ ಅದಿರುವುದು ವ್ಯವಸ್ಥಾಪಕರ ಬಳಿ. ಅವರು ಬರುವವರೆಗೆ ಈ ಏಳು ಮಂದಿ ರಾಗಿಯ ಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ಒಳಗೆ ಹೋದರೆ ಕೂರಲು ಒಂದು ಸ್ಟೂಲೂ ಇಲ್ಲ. ನಿಂತು ಕೆಲಸ ಮಾಡುವವರಿಗೆ ಕೂರುವ ಏರ್ಪಾಡಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ಹೇಳುತ್ತಿತ್ತು. ಸಂಘವು ಕಾರ್ಖಾನೆಯಲ್ಲ, ಕಾಯಿದೆ ಅನ್ವಯಿಸದು ಎನ್ನಬಹುದು. ಸರಿ, ಗಿರಣಿಯ ಕೂಲಿಗೆ ಸಿಗಬೇಕಾದ ಸ್ಟೂಲು ನಮ್ಮ ಅಕ್ಕತಂಗಿಯರಿಗೆ ಬೇಡವೆಂದು ಠರಾವು ಮಾಡಿಬಿಡಿ!

ನಮ್ಮ ಸೂಚನೆ ಇಷ್ಟೆ. ಪದಾಧಿಕಾರಿಗಳ ಸಭೆ ತಿಂಗಳಿಗೊಮ್ಮೆ. ಅದು ವಾಚನಾಲಯದಲ್ಲಿ ನಡೆಯಲಿ. ರಸ್ತೆಯ ಕಡೆಗೆ ಎರಡು ಕಿಟಕಿಗಳಿರುವ ಆ ಕೊಠಡಿ ಘಟಕಕ್ಕೆ ಬರಲಿ. ಒಲೆ ಒಂದು ಬದಿಗೆ, ಹೊಗೆ ಎಳೆಯುವ ಫ್ಯಾನು, ಮಧ್ಯೆ ಅಡ್ಡಗೋಡೆ, ಆಚೆ ರುಚಿ ನೋಡುವ ಮೇಜು, ಏಳು ಕುರ್ಚಿ; ಎಂಟನೆಯದು ಬಂದವರಿಗೆ. ಬೀಗದ ಕೈ ಅವರ ಕೈಯಲ್ಲೇ ಇರಲಿ. ವಾರ್ಷಿಕ ಮಹಾಸಭೆಯಲ್ಲಿ ಈ ತಿದ್ದುಪಡಿಯನ್ನು ನಾವು ಮಂಡಿಸಲಿದ್ದೇವೆ. ಅನುಮೋದಿಸಲು ಒಬ್ಬ ಸದಸ್ಯರು ಬೇಕಾಗಿದ್ದಾರೆ.